ಕಾರಿನ ಟೇಪ್ ಕೋಡ್ ಕೇಳ್ತಿದೆಯಾ? ಸಾಫ್ಟ್‌ವೇರ್ ಹುಡುಕುವ ಮೊದಲು ಇದನ್ನು ಓದಿ

ಬೇಸಿಗೆ ಬಂತೆಂದರೆ ಕಲಬುರಗಿಯ ಬ್ಯಾಟರಿ ಅಂಗಡಿಗಳಿಗೆ ಪುರಸೊತ್ತಿಲ್ಲ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರು ಇದು. ಈ ಬಿಸಿಲಿಗೆ ಕಾರಿನ ಬ್ಯಾಟರಿ ಬೇಗ ಸಾಯುತ್ತದೆ. ಹೊಸ ಬ್ಯಾಟರಿ ಕೂಡಿಸಿ, ಗಾಡಿ ಸ್ಟಾರ್ಟ್ ಮಾಡಿ, ಟೇಪ್ ಹಚ್ಚಿದರೆ ಹಾಡೇ ಬರುವುದಿಲ್ಲ. ಪರದೆ ಮೇಲೆ ‘ಕೋಡ್’ ಅಂತ ಬರುತ್ತದೆ, ಜೊತೆಗೆ ನಾಲ್ಕು ಗೆರೆ. ‘ಟೇಪ್ ಕೋಡ್ ಕೇಳ್ಲತ್ತದ ನೋಡ್ರಿ’ ಎಂದು ಹೇಳಿ ಅಂಗಡಿಯ ಹುಡುಗ ಮುಂದಿನ ಗಾಡಿಗೆ ಹೋಗುತ್ತಾನೆ.

ಆಗ ಬಹಳ ಜನ ಸುಮ್ನೆ 0000, 1234 ಅಂತ ಒತ್ತುತ್ತಾ ಕೂರುತ್ತಾರೆ. ಇಲ್ಲವೇ ಮೊಬೈಲ್ ತೆಗೆದು ‘ರೇಡಿಯೊ ಕೋಡ್ ಸಾಫ್ಟ್‌ವೇರ್’ ಅಂತ ಹುಡುಕಿ, ಮೊದಲು ಕಂಡದ್ದನ್ನು ಇಳಿಸಿಕೊಳ್ಳುತ್ತಾರೆ. ಎರಡೂ ಆಗದಿದ್ದರೆ ಕಂಪನಿಯ ಸೆಟ್ಟನ್ನೇ ಕಿತ್ತು ಗುಜರಿಗೆ ಹಾಕಿ, ಅಗ್ಗದ ಆಂಡ್ರಾಯ್ಡ್ ಪ್ಲೇಯರ್ ಕೂಡಿಸುತ್ತಾರೆ. ಈ ಕೊನೆಯದು ನನಗೆ ತುಂಬಾ ಬೇಜಾರು ತರುವ ಸಂಗತಿ. ಕಂಪನಿ ಸೆಟ್ ಆ ಡ್ಯಾಶ್‌ಬೋರ್ಡಿಗೆ, ಆ ಸ್ಪೀಕರ್‌ಗಳಿಗೆ, ಸ್ಟೀರಿಂಗ್ ಮೇಲಿನ ಬಟನ್‌ಗಳಿಗೆ ಹೊಂದುವಂತೆ ಮಾಡಿದ್ದು. ಅದನ್ನು ಕೀಳುವಾಗ ಹಿಂದಿನ ವೈರ್ ಕತ್ತರಿಸಿ ಅಂಟುಪಟ್ಟಿ ಸುತ್ತುತ್ತಾರೆ. ಆಮೇಲೆ ರಾತ್ರೋರಾತ್ರಿ ಬ್ಯಾಟರಿ ಇಳಿಯುವ ಕಾಟ ಶುರುವಾಗುತ್ತದೆ. ನಾಲ್ಕು ಅಂಕಿ ಗೊತ್ತಿಲ್ಲ ಅಂತ ಒಳ್ಳೆಯ ಸೆಟ್ ಎಸೆಯುವುದು ಬೇಡ. ಆ ನಾಲ್ಕು ಅಂಕಿ ಸಿಗುವ ದಾರಿಗಳಿವೆ.

ಒಂದು ಮಾತು ಮೊದಲೇ ತಿಳಿದಿರಲಿ. ಕೋಡ್ ಇರುವುದು ಕಾರಿಗಲ್ಲ, ಸೆಟ್ಟಿಗೆ. ಒಂದೇ ಮಾಡೆಲ್‌ನ ಎರಡು ಕಾರು ಅಕ್ಕಪಕ್ಕ ನಿಂತಿದ್ದರೂ ಎರಡರ ಕೋಡ್ ಬೇರೆ ಬೇರೆ. ಹಾಗಾಗಿ ಗೆಳೆಯನ ಕಾರಿನ ಕೋಡ್ ಕೇಳಿ ಹಾಕುವುದರಿಂದ ಪ್ರಯೋಜನವಿಲ್ಲ. ನಿಮಗೆ ಬೇಕಾದದ್ದು ನಿಮ್ಮ ಸೆಟ್ಟಿನ ಸೀರಿಯಲ್ ನಂಬರ್. ಸಾಫ್ಟ್‌ವೇರ್ ಇರಲಿ, ಕಂಪನಿ ಇರಲಿ, ಎಲ್ಲರೂ ಕೇಳುವುದು ಅದನ್ನೇ.

ಬಟನ್ ಮೇಲಿಂದ ಕೈ ತೆಗೆಯಿರಿ

ಕಾರಿನ ಸ್ಟೀರಿಯೊ ಕಳವು ಜಾಸ್ತಿಯಾಗಿದ್ದ ಕಾಲದಲ್ಲಿ ಬಂದ ಏರ್ಪಾಡು ಇದು. ಕದ್ದವನು ವೈರ್ ಕಿತ್ತ ಕೂಡಲೇ ಸೆಟ್ಟಿಗೆ ಕರೆಂಟ್ ತಪ್ಪುತ್ತದೆ. ಮತ್ತೆ ಕರೆಂಟ್ ಬಂದಾಗ ಅದು ಕೋಡ್ ಕೇಳುತ್ತದೆ. ಬ್ಯಾಟರಿ ಬದಲಿಸಿದ್ದು ಯಾರು, ಕದ್ದದ್ದು ಯಾರು ಎಂದು ಅದಕ್ಕೆ ತಿಳಿಯುವುದಿಲ್ಲ. ಊಹೆ ಮಾಡಿ ಒಳಹೋಗಬಾರದು ಅಂತ ತಪ್ಪುಗಳಿಗೆ ಮಿತಿಯನ್ನೂ ಇಟ್ಟಿದ್ದಾರೆ.

ಫೋಕ್ಸ್‌ವ್ಯಾಗನ್, ಸ್ಕೋಡಾದ ಹಳೆಯ ಸೆಟ್‌ಗಳು ಎರಡೇ ಅವಕಾಶ ಕೊಡುತ್ತವೆ. ಎರಡೂ ತಪ್ಪಿದರೆ ಪರದೆ ಮೇಲೆ ‘ಸೇಫ್’ ಅಂತ ನಿಲ್ಲುತ್ತದೆ. ಸೆಟ್ ಆನ್ ಇಟ್ಟು ಒಂದು ಗಂಟೆ ಕಾಯಬೇಕು. ಫಿಯಟ್ ಪುಂಟೊ, ಲಿನಿಯಾದಲ್ಲಿ ಮೊದಲ ತಪ್ಪಿಗೆ ಒಂದು ನಿಮಿಷ, ಮುಂದಿನದಕ್ಕೆ ಎರಡು, ಆಮೇಲೆ ನಾಲ್ಕು. ಹೀಗೆ ಬೆಳೆಯುತ್ತಾ ಕಾಯುವ ಹೊತ್ತು 24 ಗಂಟೆವರೆಗೂ ಹೋಗುತ್ತದೆ. ಹೋಂಡಾದಲ್ಲಿ ಹತ್ತು ಸಲ ತಪ್ಪಿದರೆ ಒಂದು ಗಂಟೆ ಆನ್ ಇಟ್ಟು ಮತ್ತೆ ನೋಡಬೇಕು. ಫೋರ್ಡ್‌ನ ಹಳೆಯ ಸೆಟ್‌ಗಳಲ್ಲಿ ಮೂರು ತಪ್ಪಾದರೆ ಅರ್ಧ ಗಂಟೆ ತಡೆ. ಹತ್ತು ದಾಟಿದರೆ ‘ಲಾಕ್’ ಅಂತ ಬರುತ್ತದೆ. ಅಲ್ಲಿಂದಲೂ ಮುಂದೆ ಹೋದರೆ ಸರಿಯಾದ ಕೋಡ್ ಕೈಯಲ್ಲಿದ್ದರೂ ಅದು ತೆಗೆದುಕೊಳ್ಳುವುದಿಲ್ಲ.

ನಾಲ್ಕು ಅಂಕಿಗೆ 10,000 ಸಾಧ್ಯತೆಗಳಿವೆ. ಗಂಟೆಗೆ ಎರಡೇ ಪ್ರಯತ್ನ ಅಂದರೆ ಎಲ್ಲವನ್ನೂ ಮುಗಿಸಲು 5,000 ಗಂಟೆ, ಅಂದರೆ ಹಗಲು ರಾತ್ರಿ ಕೂತರೂ 208 ದಿನ. ಊಹೆಯ ಆಟ ಇಲ್ಲಿ ನಡೆಯುವುದಿಲ್ಲ. ಈಗಾಗಲೇ ಎಷ್ಟು ಸಲ ಒತ್ತಿದ್ದೀರಿ ಅಂತ ನೆನಪಿಟ್ಟುಕೊಂಡು ಅಲ್ಲಿಗೇ ನಿಲ್ಲಿಸಿ.

ಕೆಲವು ಕಾರುಗಳಲ್ಲಿ ಕೋಡೇ ಬೇಕಾಗುವುದಿಲ್ಲ. ಹೋಂಡಾದ ಈಚಿನ ಕೆಲವು ಮಾಡೆಲ್‌ಗಳಲ್ಲಿ ಪವರ್ ಬಟನ್ ಎರಡು ಮೂರು ಸೆಕೆಂಡ್ ಒತ್ತಿ ಹಿಡಿದರೆ ಸೆಟ್ ತನ್ನ ಕಾರನ್ನು ತಾನೇ ಗುರುತಿಸಿ ತೆರೆದುಕೊಳ್ಳುತ್ತದೆ. ಇದಕ್ಕೆ ಖರ್ಚಿಲ್ಲ, ಪ್ರಯತ್ನವೂ ಲೆಕ್ಕಕ್ಕೆ ಬರುವುದಿಲ್ಲ. ಹೋಂಡಾ ಇದ್ದವರು ಮೊದಲು ಇದನ್ನೇ ಮಾಡಿ ನೋಡಿ. ಕೆಲವು ಮಾರುತಿ ಕಾರುಗಳ ಕಥೆ ಬೇರೆ. ಅಲ್ಲಿ ಪಿನ್ ಇಡುವುದು ಬಿಡುವುದು ಮಾಲೀಕರಿಗೆ ಬಿಟ್ಟಿದ್ದು. ಸೆಕೆಂಡ್ ಹ್ಯಾಂಡ್ ಗಾಡಿಯಾದರೆ ಹಿಂದಿನವರು ಇಟ್ಟ ಪಿನ್ ಇರಬಹುದು. ಅವರಿಗೇ ಫೋನ್ ಮಾಡಿ.

ಇನ್ನೊಂದು ವಿಷಯ. ಬ್ಯಾಟರಿ ಬಿಚ್ಚದಿದ್ದರೂ ಪ್ರತಿ ಸಲ ಗಾಡಿ ಹಚ್ಚಿದಾಗ ಕೋಡ್ ಕೇಳುತ್ತಿದೆಯಾ? ಹಾಗಾದರೆ ತೊಂದರೆ ಕೋಡಿನದಲ್ಲ, ಕರೆಂಟಿನದು. ಸೆಟ್ಟಿಗೆ ಎರಡು ಲೈನ್ ಬರುತ್ತವೆ. ಒಂದು ಕೀ ತಿರುಗಿಸಿದಾಗ ಮಾತ್ರ ಬರುವುದು, ಇನ್ನೊಂದು ಸದಾ ಇರುವುದು. ಹೊರಗಿನಿಂದ ಹಾಕಿಸಿದ ವೈರಿಂಗ್‌ನಲ್ಲಿ ಸಾಮಾನ್ಯವಾಗಿ ಕೆಂಪು ವೈರ್ ಕೀಯದು, ಹಳದಿ ಸದಾ ಇರುವುದು. ಆ ಸದಾ ಇರುವ ಲೈನ್ ತಪ್ಪಿದೆ, ಇಲ್ಲವೇ ಅದರ ಫ್ಯೂಸ್ ಹೋಗಿದೆ, ಇಲ್ಲವೇ ಬ್ಯಾಟರಿ ಟರ್ಮಿನಲ್ ಸಡಿಲ ಇದೆ. ಅದನ್ನು ಸರಿ ಮಾಡದೆ ಕೋಡ್ ಹುಡುಕಿದರೆ ನಾಳೆ ಬೆಳಿಗ್ಗೆ ಮತ್ತೆ ಅದೇ ಪಾಡು.

ಕೋಡ್ ಬರೆದಿಟ್ಟ ಜಾಗಗಳು

ಕಾರಿನ ಜೊತೆ ಬಂದ ಪುಸ್ತಕದ ಚೀಲ ಪೂರ್ತಿ ಸುರಿದು ನೋಡಿ. ಎಟಿಎಂ ಕಾರ್ಡಿನಷ್ಟು ದೊಡ್ಡ ಕಾರ್ಡ್ ಇರುತ್ತದೆ, ಅದರ ಮೇಲೆ ಸೀರಿಯಲ್ ನಂಬರ್ ಮತ್ತು ಕೋಡ್ ಎರಡೂ ಇರುತ್ತವೆ. ಕಾರ್ಡ್ ಇಲ್ಲದಿದ್ದರೆ ಗ್ಲೋವ್ ಬಾಕ್ಸ್ ಒಳಗಿನ ಗೋಡೆ, ಆಶ್‌ಟ್ರೇ ತಳ, ಸರ್ವಿಸ್ ಪುಸ್ತಕದ ಮೊದಲ ಮತ್ತು ಕೊನೆಯ ಪುಟ ನೋಡಿ. ಹೋಂಡಾದಲ್ಲಿ ಸಣ್ಣ ಬಿಳಿ ಸ್ಟಿಕರ್ ಹೀಗೆ ಅಂಟಿಸಿರುವುದುಂಟು. ಹಳೆ ಮಾಲೀಕರು ಪುಸ್ತಕದ ಮೂಲೆಯಲ್ಲಿ ಪೆನ್ನಿನಲ್ಲಿ ಬರೆದಿಟ್ಟ ನಾಲ್ಕು ಅಂಕಿಯನ್ನೂ ಕಡೆಗಣಿಸಬೇಡಿ.

ನಮ್ಮ ಕಡೆ ಹೈದರಾಬಾದಿನಿಂದ ಬಂದ ಸೆಕೆಂಡ್ ಹ್ಯಾಂಡ್ ಕಾರುಗಳು ಜಾಸ್ತಿ. ಬೀದರ್‌ಗೆ ಅದು ಸುಮಾರು 140 ಕಿಲೋಮೀಟರ್, ಹೋಗಿ ಸಂಜೆಗೆ ಕಾರು ಹೊಡೆದುಕೊಂಡು ಬರುವಷ್ಟು ಹತ್ತಿರ. ಬೆಲೆ, ಟೈರ್, ಎನ್‌ಒಸಿ ಎಲ್ಲ ನೋಡುತ್ತಾರೆ. ಟೇಪ್ ಕೋಡ್ ಕೇಳುವವರು ಕಡಿಮೆ. ಕೊಂಡು ತುಂಬಾ ದಿನ ಆಗಿಲ್ಲದಿದ್ದರೆ ಮಾರಿದವರಿಗೆ ಈಗಲೂ ಫೋನ್ ಮಾಡಬಹುದು. ಡೀಲರ್ ಮೂಲಕ ಕೊಂಡಿದ್ದರೆ ಮೊದಲ ಮಾಲೀಕರ ನಂಬರ್ ಕೇಳಿ. ಎಷ್ಟೋ ಸಲ ಆ ಕಾರ್ಡ್ ಅವರ ಮನೆ ಬೀರುವಿನಲ್ಲೇ ಉಳಿದಿರುತ್ತದೆ.

ಸೀರಿಯಲ್ ನಂಬರ್ ತೆಗೆಯುವುದು

ಕೆಲವು ಸೆಟ್‌ಗಳು ಬಿಚ್ಚದೆಯೇ ನಂಬರ್ ತೋರಿಸುತ್ತವೆ. ಫೋರ್ಡ್‌ನ ಬಹಳಷ್ಟು ಸೆಟ್‌ಗಳಲ್ಲಿ ಟೇಪ್ ಆನ್ ಮಾಡಿ 1 ಮತ್ತು 6ರ ಬಟನ್ ಒಟ್ಟಿಗೆ ಒತ್ತಿ ಹಿಡಿಯಿರಿ. ಪರದೆ ಮೇಲೆ ಸಾಲಾಗಿ ಏನೇನೋ ಓಡುತ್ತದೆ. ಅದರಲ್ಲಿ ‘ವಿ’ ಅಥವಾ ‘ಎಂ’ ಅಕ್ಷರ, ಅದರ ಮುಂದೆ ಆರು ಅಂಕಿ ಇರುವುದೇ ಸೀರಿಯಲ್. ಮೊಬೈಲ್‌ನಲ್ಲಿ ವಿಡಿಯೊ ಮಾಡಿಕೊಂಡರೆ ಆಮೇಲೆ ನಿಧಾನವಾಗಿ ಓದಬಹುದು. ಹೋಂಡಾದಲ್ಲಿ ಸೆಟ್ ಆಫ್ ಇರುವಾಗ 1 ಮತ್ತು 6 ಹಿಡಿದುಕೊಂಡೇ ಪವರ್ ಒತ್ತಬೇಕು. ಎಂಟು ಅಂಕಿಯ ನಂಬರ್ ಎರಡು ಭಾಗವಾಗಿ ಬರುತ್ತದೆ.

ಉಳಿದವುಗಳಲ್ಲಿ ಸೆಟ್ ಹೊರಗೆ ತೆಗೆಯಲೇಬೇಕು. ಮುಖದ ಎರಡೂ ಬದಿ ಸಣ್ಣ ತೂತು ಅಥವಾ ಸೀಳು ಇದ್ದರೆ ಅದರೊಳಗೆ ತೂರಿಸಿ ಸೆಟ್ ತೆಗೆಯುವ ಕಡ್ಡಿಗಳು ಕಾರ್ ಡೆಕೋರ್ ಅಂಗಡಿಗಳಲ್ಲಿ ಸಿಗುತ್ತವೆ. ಗಾಡಿಯ ಕೀ ಆಫ್ ಮಾಡಿ, ಆ ಕಡ್ಡಿಗಳನ್ನು ‘ಟಕ್’ ಅನ್ನುವವರೆಗೆ ತಳ್ಳಿ, ಸ್ವಲ್ಪ ಹೊರಮುಖವಾಗಿ ಅಗಲಿಸಿ, ಎರಡೂ ಕಡೆ ಸಮನಾಗಿ ಎಳೆಯಿರಿ. ತೂತು ಇಲ್ಲದಿದ್ದರೆ ಸುತ್ತಲಿನ ಪ್ಲಾಸ್ಟಿಕ್ ಪಟ್ಟಿ ಬಿಚ್ಚಬೇಕು. ಮೀಟಿ ತೆಗೆಯಲು ಸ್ಕ್ರೂಡ್ರೈವರ್ ಬೇಡ, ಪ್ಲಾಸ್ಟಿಕ್ ಉಪಕರಣವನ್ನೇ ಬಳಸಿ. ವರ್ಷಗಟ್ಟಲೆ ಬಿಸಿಲಿಗೆ ನಿಂತ ಗಾಡಿಯ ಹಳೆ ಪ್ಲಾಸ್ಟಿಕ್ ಒಂದೇ ಏಟಿಗೆ ಮುರಿಯುತ್ತದೆ.

ಸೆಟ್ಟಿನ ಮೇಲೆ ಅಥವಾ ಪಕ್ಕದಲ್ಲಿ ಬಾರ್‌ಕೋಡ್ ಇರುವ ಬಿಳಿ ಲೇಬಲ್ ಕಾಣುತ್ತದೆ. ಅದರ ಮೇಲೆ ನಾಲ್ಕೈದು ನಂಬರ್ ಇರುತ್ತವೆ, ಎಲ್ಲವೂ ಸೀರಿಯಲ್ ಅಲ್ಲ. ಪಾರ್ಟ್ ನಂಬರ್ ಕೊಟ್ಟರೆ ಯಾವ ಸಾಫ್ಟ್‌ವೇರೂ ಕೋಡ್ ಕೊಡುವುದಿಲ್ಲ. ರೆನೋ ಡಸ್ಟರ್‌ನಂಥವುಗಳಲ್ಲಿ ಬೇಕಾದದ್ದು ಒಂದು ಇಂಗ್ಲಿಷ್ ಅಕ್ಷರ ಮತ್ತು ಮೂರು ಅಂಕಿ, ಇಷ್ಟೇ. ಅದಕ್ಕೆ ಪ್ರಿ-ಕೋಡ್ ಎನ್ನುತ್ತಾರೆ. ಫೋಕ್ಸ್‌ವ್ಯಾಗನ್‌ನಲ್ಲಿ ‘ವಿಡಬ್ಲ್ಯುಝಡ್’, ಸ್ಕೋಡಾದಲ್ಲಿ ‘ಎಸ್‌ಕೆಝಡ್’ ಎಂದು ಶುರುವಾಗುವ 14 ಅಕ್ಷರ ಅಂಕಿಗಳ ಸಾಲು. ಸೊನ್ನೆ ಮತ್ತು ‘ಓ’, ಎಂಟು ಮತ್ತು ‘ಬಿ’ ಗೊಂದಲ ಆಗುವುದು ಇಲ್ಲೇ. ಪೂರ್ತಿ ಲೇಬಲ್‌ನ ಫೋಟೊ ತೆಗೆದುಕೊಂಡು ಆಮೇಲೆ ದೊಡ್ಡದು ಮಾಡಿ ಓದಿ.

ಕಂಪನಿಗೆ ಒಂದು ಫೋನ್

ನಂಬರ್ ಕೈಗೆ ಬಂದ ಮೇಲೆ ಸರ್ವಿಸ್ ಸೆಂಟರ್‌ಗೆ ಒಮ್ಮೆ ಕೇಳಿ. ಆರ್‌ಸಿ, ಗುರುತಿನ ಚೀಟಿ, ಚಾಸಿ ನಂಬರ್, ಸೆಟ್ಟಿನ ಸೀರಿಯಲ್ ಕೇಳುತ್ತಾರೆ. ಯಾದಗಿರಿ, ಬೀದರ್‌ನವರು ಕಲಬುರಗಿಗೋ ಹೈದರಾಬಾದಿಗೋ ಹೊರಡುವ ಮುಂಚೆ ಫೋನಿನಲ್ಲೇ ಕೇಳಿ ಖಚಿತ ಮಾಡಿಕೊಳ್ಳಿ. ಕಾಗದಗಳನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಸಾಕಾಗಬಹುದು. ಆರ್‌ಸಿ ಇನ್ನೂ ಹಳೆ ಮಾಲೀಕರ ಹೆಸರಲ್ಲಿದ್ದರೆ ಕೊಡಲು ಒಪ್ಪುವುದು ಕಷ್ಟ. ತೆಲಂಗಾಣ, ಮಹಾರಾಷ್ಟ್ರದ ಗಾಡಿಯಾದರೆ ಅಲ್ಲಿಂದ ಫಾರಂ 28ರ ಎನ್‌ಒಸಿ ತಂದು ಫಾರಂ 29, 30 ತುಂಬಿ ಹೆಸರು ಬದಲಿಸುವ ಕೆಲಸ ಹೇಗೂ ಬಾಕಿ ಇದೆಯಲ್ಲ, ಅದನ್ನು ಮುಗಿಸಿ.

ಎಲ್ಲರಿಗೂ ಈ ದಾರಿ ಸುಲಭವಲ್ಲ ಎಂಬುದೂ ನಿಜ. ಫೋರ್ಡ್ 2021ರಲ್ಲಿ ಇಲ್ಲಿ ಕಾರು ತಯಾರಿಸುವುದನ್ನು ನಿಲ್ಲಿಸುವುದಾಗಿ ಹೇಳಿತು. ಫಿಯಟ್ ಕಾರುಗಳು ಅದಕ್ಕೂ ಮೊದಲೇ ನಿಂತವು. ಸರ್ವಿಸ್ ಸಿಗುತ್ತದೆ, ಆದರೆ ಹತ್ತಿರದಲ್ಲಿ ಅಲ್ಲ. ಸಾಫ್ಟ್‌ವೇರ್ ಬೇಕಾಗುವುದು ಇಂಥವರಿಗೇ.

ಸಾಫ್ಟ್‌ವೇರ್ ಕೋಡನ್ನು ಎಲ್ಲಿಂದ ತರುತ್ತದೆ

ಇದು ಅರ್ಥವಾದರೆ ಮೋಸ ಹೋಗುವುದು ತಪ್ಪುತ್ತದೆ. ಕೋಡ್ ಮರೆತ ಮಾಲೀಕನಿಗೆ ಕಂಪನಿ ಅದನ್ನು ಮತ್ತೆ ಕೊಡಲು ಆಗಬೇಕಲ್ವಾ? ಅದಕ್ಕಾಗಿ ಕಂಪನಿಗಳು ಬೇರೆ ಬೇರೆ ಉಪಾಯ ಮಾಡಿವೆ.

ಕೆಲವು ಕಂಪನಿಗಳು ಸೀರಿಯಲ್ ನಂಬರಿನಿಂದಲೇ ಲೆಕ್ಕ ಹಾಕಿ ಕೋಡ್ ಬರುವಂತೆ ಮಾಡಿದವು. ಫೋರ್ಡ್‌ನ ‘ಎಂ’ ಸಾಲು, ರೆನೋದ ಪ್ರಿ-ಕೋಡ್ ಈ ಜಾತಿಯವು. ಲೆಕ್ಕದ ಸೂತ್ರ ಹೊರಬಿದ್ದು ಬಹಳ ವರ್ಷ ಆಯಿತು. ಈಗ ಯಾರು ಬೇಕಾದರೂ ಓದಬಹುದಾದ ಕೆಲವೇ ಸಾಲಿನ ಪ್ರೋಗ್ರಾಂ ಆಗಿ, ಪ್ರೋಗ್ರಾಂಗಳನ್ನು ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿ ಸಿಗುತ್ತದೆ. ಇವುಗಳಿಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬರುತ್ತದೆ, ಇಂಟರ್ನೆಟ್ ಕೂಡ ಬೇಕಿಲ್ಲ. ಡಸ್ಟರ್ ಕೋಡಿಗೆ ಸಾವಿರಾರು ರೂಪಾಯಿ ಕೇಳುವವರಿಗೆ ದುಡ್ಡು ಕೊಡುವ ಅಗತ್ಯ ಇಲ್ಲ.

ಇನ್ನು ಕೆಲವಕ್ಕೆ ಸೂತ್ರ ಇಲ್ಲ, ಪಟ್ಟಿ ಇದೆ. ಫೋರ್ಡ್‌ನ ‘ವಿ’ ಸಾಲು ಹೀಗೆ. ಆರು ಅಂಕಿ ಅಂದರೆ ಹತ್ತು ಲಕ್ಷ ಸೀರಿಯಲ್, ಒಂದೊಂದಕ್ಕೂ ಎರಡು ಬೈಟ್ ಜಾಗ. ಪೂರ್ತಿ ಪಟ್ಟಿ ಹೆಚ್ಚೂಕಡಿಮೆ ಎರಡು ಎಂಬಿ ಫೈಲ್. ಇದೇ ಕೆಲಸಕ್ಕೆ ಯಾರಾದರೂ ನೂರಾರು ಎಂಬಿಯ ಇನ್‌ಸ್ಟಾಲರ್ ಕೊಟ್ಟರೆ ಅದರೊಳಗೆ ಬೇರೇನೋ ಇದೆ ಅಂತ ಅರ್ಥ.

ಮೂರನೇ ಗುಂಪಿನಲ್ಲಿ ಸೀರಿಯಲ್‌ನಿಂದ ಏನೂ ಗೊತ್ತಾಗುವುದಿಲ್ಲ. ಫೋಕ್ಸ್‌ವ್ಯಾಗನ್, ಸ್ಕೋಡಾದ ಬಹಳ ಸೆಟ್‌ಗಳಲ್ಲಿ ಕೋಡ್ ಒಂದೋ ಕಂಪನಿಯ ಸರ್ವರ್‌ನಲ್ಲಿದೆ, ಇಲ್ಲವೇ ಸೆಟ್ಟಿನ ಒಳಗಿನ ಚಿಪ್‌ನಲ್ಲಿದೆ. ಅಂಥ ಸೆಟ್ಟಿಗೆ ‘ಸೀರಿಯಲ್ ಹಾಕಿ, ಕೋಡ್ ಪಡೆಯಿರಿ’ ಅನ್ನುವ ಉಚಿತ ಆ್ಯಪ್ ಕಂಡರೆ ಮುಟ್ಟಬೇಡಿ. ಸ್ಟೀರಿಂಗ್ ಕೆಳಗಿನ ಒಬಿಡಿ ಸಾಕೆಟ್‌ಗೆ (ಮೆಕ್ಯಾನಿಕ್‌ಗಳು ಕಾರಿನ ದೋಷ ಓದಲು ಬಳಸುವ ಜಾಗ) ಯಂತ್ರ ಹಚ್ಚಿ ಕೋಡ್ ಓದುವ ಸಾಫ್ಟ್‌ವೇರ್ ಕೆಲವು ಮಾಡೆಲ್‌ಗಳಿಗೆ ಇದೆ. ಅದನ್ನು ಬಳಸಿ ಗೊತ್ತಿರುವ ಆಟೊ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ಡೌನ್‌ಲೋಡ್ ಒತ್ತುವ ಮುಂಚೆ

ಟೇಪ್ ಕೋಡಿನ ನೆಪದಲ್ಲಿ ವೈರಸ್ ಹಂಚುವುದು ಹಳೆಯ ವ್ಯಾಪಾರ. ಪಾಸ್‌ವರ್ಡ್ ಹಾಕಿದ ಜಿಪ್ ಫೈಲ್ ಕೊಟ್ಟು ‘ಆ್ಯಂಟಿವೈರಸ್ ಆಫ್ ಮಾಡಿ’ ಅಂತ ಹೇಳಿದರೆ ಅಲ್ಲಿಗೇ ಬಿಟ್ಟುಬಿಡಿ. ಜಿಪ್‌ಗೆ ಪಾಸ್‌ವರ್ಡ್ ಹಾಕುವುದೇ ಆ್ಯಂಟಿವೈರಸ್ ಒಳಗೆ ನೋಡಬಾರದು ಅಂತ. ಇಳಿಸಿದ ಫೈಲನ್ನು ತೆರೆಯದೆ, ವೈರಸ್ ಇದೆಯಾ ಅಂತ ಪರೀಕ್ಷಿಸುವ ವೈರಸ್‌ಟೋಟಲ್ ತಾಣಕ್ಕೆ ಏರಿಸಿ ನೋಡಿ. ಬ್ಯಾಂಕ್, ಫೋನ್‌ಪೇ, ಮೇಲ್ ಎಲ್ಲ ಇರುವ ಮನೆಯ ಲ್ಯಾಪ್‌ಟಾಪ್‌ನಲ್ಲಿ ಓಡಿಸಬೇಡಿ. ಹಳೆಯ ಲ್ಯಾಪ್‌ಟಾಪ್ ಇದ್ದರೆ ಅದರಲ್ಲಿ, ಇಂಟರ್ನೆಟ್ ತೆಗೆದು ಓಡಿಸಿ. ಸರಳ ಲೆಕ್ಕದ ಸಾಫ್ಟ್‌ವೇರ್‌ಗೆ ಇಂಟರ್ನೆಟ್ ಬೇಕಿಲ್ಲ, ಇಲ್ಲದೆ ಓಡುವುದಿಲ್ಲ ಅಂದರೆ ಅನುಮಾನ ಪಡಿ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದದ್ದು ಸಿಕ್ಕರೆ ನಾನು ಅದನ್ನೇ ಆರಿಸುತ್ತೇನೆ. ತೆರೆದು ಓದಬಹುದು. ನಿಮಗೆ ಓದಲು ಬರದಿದ್ದರೂ ಕಾಲೇಜಿಗೆ ಹೋಗುವ ಮಕ್ಕಳಿಗೆ ತೋರಿಸಿ ಕೇಳಬಹುದು.

ಸಾಫ್ಟ್‌ವೇರ್ ನಿಜವೋ ಸುಳ್ಳೋ ಅಂತ ಟೇಪ್ ಮುಟ್ಟದೆಯೇ ಪರೀಕ್ಷಿಸಬಹುದು. ಕೋಡ್ ಕಾರ್ಡ್ ಇರುವ ಗೆಳೆಯರ ಅದೇ ಕಂಪನಿಯ ಕಾರು ಹುಡುಕಿ. ಅದರ ಸೀರಿಯಲ್ ಹಾಕಿದಾಗ ಕಾರ್ಡಿನಲ್ಲಿರುವ ಕೋಡೇ ಬರಬೇಕು. ಕಾರ್ಡ್ ಇರುವ ಯಾರೂ ಸಿಗದಿದ್ದರೆ ಒಂದೇ ಸೀರಿಯಲ್ಲನ್ನು ಎರಡು ಸಲ ಹಾಕಿ, ಎರಡೂ ಸಲ ಅದೇ ಉತ್ತರ ಬರಬೇಕು. ಆಮೇಲೆ ಬೇಕೆಂದೇ ಆ ಸೆಟ್ಟಿನ ಸೀರಿಯಲ್ ಮಾದರಿಗೆ ಹೊಂದದ, ಅರ್ಥವಿಲ್ಲದ ನಂಬರ್ ಹಾಕಿ. ಅದಕ್ಕೂ ಹೆಮ್ಮೆಯಿಂದ ಕೋಡ್ ಕೊಟ್ಟರೆ ಅದು ಬಾಯಿಗೆ ಬಂದದ್ದು ಹೇಳುತ್ತಿದೆ. ಬೇರೆಯವರು ಬರೆದ ಇನ್ನೊಂದು ಸಾಫ್ಟ್‌ವೇರ್‌ನಲ್ಲೂ ಅದೇ ಕೋಡ್ ಬಂದರೆ ಧೈರ್ಯವಾಗಿ ಸೆಟ್ಟಿಗೆ ಹಾಕಿ. ಪ್ರಯತ್ನಗಳು ಎರಡೋ ಮೂರೋ ಇರುವಾಗ ಈ ಪರೀಕ್ಷೆ ತಪ್ಪಿಸಬೇಡಿ.

ಹಣ ಪಡೆದು ಕೋಡ್ ಕೊಡುವ ತಾಣಗಳೂ ಇವೆ. ಕೆಲವು ಪ್ರಾಮಾಣಿಕ, ಕೆಲವು ಅಲ್ಲ. ಯುಪಿಐ ಕ್ಯೂಆರ್ ಕಳಿಸಿ, ಹಣ ಬಂದ ಮೇಲೆ ‘ಇನ್ನೂ 500 ಹಾಕಿ, ರಿಫಂಡ್ ಆಗುತ್ತೆ’ ಅನ್ನುವವರನ್ನು ನಂಬಬೇಡಿ. ನಿಮ್ಮ ಖಾತೆಗೆ ಹಣ ಬರಬೇಕಾದರೆ ಯುಪಿಐ ಪಿನ್ ಒತ್ತುವ ಅಗತ್ಯವೇ ಇಲ್ಲ. ಮೋಸ ಆದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಮಾಡಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಜಾಸ್ತಿ.

ಚಿಪ್ ಓದಿಸುವುದು

ಲೆಕ್ಕವೂ ಇಲ್ಲ, ಪಟ್ಟಿಯೂ ಇಲ್ಲ, ಕಂಪನಿಯೂ ಕೊಡಲಿಲ್ಲ ಅಂದಾಗ ಉಳಿಯುವುದು ಇದು. ಹಳೆಯ ಸೆಟ್‌ಗಳ ಬೋರ್ಡ್ ಮೇಲೆ ಎಂಟು ಕಾಲಿನ ಸಣ್ಣ ಮೆಮೊರಿ ಚಿಪ್ ಇರುತ್ತದೆ. ಅದರ ಹೆಸರು ಇಇಪ್ರಾಮ್. ಕರೆಂಟ್ ಹೋದರೂ ಅದರಲ್ಲಿ ಬರೆದದ್ದು ಅಳಿಸುವುದಿಲ್ಲ. ಅದಕ್ಕೇ ಬ್ಯಾಟರಿ ತೆಗೆದರೂ ಕೋಡ್ ಅಲ್ಲೇ ಇರುತ್ತದೆ. ಮೇಲೆ 24ಸಿ02, 24ಸಿ16, 93ಸಿ46 ಅಂತ ಬರೆದಿರುವುದನ್ನು ಭೂತಕನ್ನಡಿಯಲ್ಲಿ ಓದಬಹುದು.

ಇದನ್ನು ಓದಲು ದುಬಾರಿ ಯಂತ್ರ ಬೇಕಿಲ್ಲ. ಸಿಎಚ್341ಎ ಎಂಬ ಯುಎಸ್‌ಬಿ ಪ್ರೋಗ್ರಾಮರ್ ಮತ್ತು ಎಂಟು ಕಾಲನ್ನು ಕಚ್ಚಿ ಹಿಡಿಯುವ ಕ್ಲಿಪ್ ಇದ್ದರೆ 24ರಿಂದ ಹೆಸರು ಶುರುವಾಗುವ ಚಿಪ್ ಓದಬಹುದು. ಲ್ಯಾಪ್‌ಟಾಪ್ ಬಯೋಸ್ ರಿಪೇರಿ ಮಾಡುವವರು ಬಳಸುವುದೂ ಇದನ್ನೇ. ಹಾಗಾಗಿ ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಕಾರ್ ಮೆಕ್ಯಾನಿಕ್ ಹುಡುಕುವುದಕ್ಕಿಂತ ಒಳ್ಳೆಯ ಲ್ಯಾಪ್‌ಟಾಪ್ ರಿಪೇರಿ ಅಂಗಡಿಗೆ ಹೋಗಿ ಕೇಳಿ. ‘ಅಣ್ಣಾ, ಈ ಚಿಪ್ ಓದಿ ಫೈಲ್ ಕೊಡ್ತೀರಾ?’ ಅಂದರೆ ಅವರಿಗೆ ತಕ್ಷಣ ಅರ್ಥವಾಗುತ್ತದೆ. 93ರಿಂದ ಶುರುವಾಗುವ ಚಿಪ್ ಆದರೆ ಅವರ ಯಂತ್ರ ಅದನ್ನು ಓದುತ್ತದಾ ಅಂತ ಮೊದಲೇ ಕೇಳಿಕೊಳ್ಳಿ.

ನೀವೇ ಮಾಡುವುದಾದರೆ ಸೆಟ್ಟಿನ ಎಲ್ಲ ವೈರ್ ಬಿಚ್ಚಿ ಮೇಜಿನ ಮೇಲೆ ಇಡಿ. ಕ್ಲಿಪ್‌ನ ಕೆಂಪು ವೈರ್ ಚಿಪ್‌ನ ಚುಕ್ಕಿ ಇರುವ ಮೂಲೆಗೆ ಬರಬೇಕು, ಅದು ಒಂದನೇ ಕಾಲು. ವೋಲ್ಟೇಜ್ ಬಗ್ಗೆ ಎಚ್ಚರ. ಕಪ್ಪು ಬೋರ್ಡಿನ ಅಗ್ಗದ ಸಿಎಚ್341ಎಯಲ್ಲಿ ಡೇಟಾ ಲೈನ್‌ಗಳಿಗೆ 5 ವೋಲ್ಟ್ ಬರುತ್ತದೆ. 3.3 ವೋಲ್ಟ್‌ನ ಚಿಪ್ ಆದರೆ ಅದು ಒಳ್ಳೆಯದಲ್ಲ. ಓದಿಸಿದ ಮೇಲೆ ಫೈಲ್ ತೆರೆದು ನೋಡಿ. ಪೂರ್ತಿ ‘ಎಫ್ಎಫ್’ ಅಥವಾ ಪೂರ್ತಿ ಸೊನ್ನೆ ಇದ್ದರೆ ಕ್ಲಿಪ್ ಸರಿಯಾಗಿ ಕೂತಿಲ್ಲ. 24ಸಿ02 ಆದರೆ ಫೈಲ್ 256 ಬೈಟ್, 24ಸಿ16 ಆದರೆ 2048 ಬೈಟ್ ಇರಬೇಕು. ಎರಡು ಸಲ ಬೇರೆ ಬೇರೆ ಹೆಸರಲ್ಲಿ ಓದಿಸಿ, ಎರಡು ಫೈಲ್ ಹೋಲಿಸಿ. ಒಂದು ಬೈಟ್ ವ್ಯತ್ಯಾಸ ಇದ್ದರೂ ನಂಬಬೇಡಿ, ಮತ್ತೆ ಕ್ಲಿಪ್ ಕೂಡಿಸಿ ಓದಿ. ಎಷ್ಟು ಸಲ ಓದಿದರೂ ಬೇರೆ ಬೇರೆ ಬರುತ್ತಿದ್ದರೆ ಬೋರ್ಡಿನ ಉಳಿದ ಭಾಗ ಅಡ್ಡಿ ಮಾಡುತ್ತಿದೆ. ಆಗ ಚಿಪ್ ಬಿಚ್ಚಿಯೇ ಓದಬೇಕು. ಅದಕ್ಕೆ ಬೆಸುಗೆ ಕರಗಿಸುವ ಬಿಸಿಗಾಳಿ ಯಂತ್ರ (ಹಾಟ್ ಏರ್) ಹಿಡಿದು ಅಭ್ಯಾಸ ಇರುವ ಮೊಬೈಲ್ ರಿಪೇರಿಯವರ ಕೈ ಬೇಕು.

ಫೈಲ್‌ನಲ್ಲಿ ಕೋಡ್ ಎಲ್ಲಿದೆ ಅನ್ನುವುದು ಸೆಟ್ಟಿನಿಂದ ಸೆಟ್ಟಿಗೆ ಬದಲಾಗುತ್ತದೆ. ಕೆಲವದರಲ್ಲಿ ನೇರವಾಗಿ ಕಾಣುತ್ತದೆ, ಕೆಲವದರಲ್ಲಿ ಅಂಕಿಗಳು ಅದಲು ಬದಲು, ಕೆಲವದರಲ್ಲಿ ಗೂಢಲಿಪಿಯಲ್ಲಿ. ಕೋಡ್ ತೆಗೆಯುವ ಸಾಫ್ಟ್‌ವೇರ್‌ಗಳು ಬೇಕಾಗುವುದು ಈ ಹಂತದಲ್ಲಿ. ಸೆಟ್ಟಿನ ಮಾಡೆಲ್ ಆರಿಸಿ ಫೈಲ್ ಕೊಟ್ಟರೆ ಜಾಗ ಗುರುತಿಸಿ ಅಂಕಿ ತೋರಿಸುತ್ತವೆ. ಮಾಡೆಲ್ ತಪ್ಪಾಗಿ ಆರಿಸಿದರೂ ಯಾವುದೋ ನಾಲ್ಕು ಅಂಕಿ ಬಂದೇ ಬರುತ್ತದೆ ಅನ್ನುವುದು ನೆನಪಿರಲಿ.

ಒಂದು ಗಟ್ಟಿ ನಿಯಮ: ಓದಿಸಿ, ಬರೆಸಬೇಡಿ. ‘ರೀಡ್’ ಪಕ್ಕದಲ್ಲೇ ‘ರೈಟ್’, ‘ಇರೇಸ್’ ಬಟನ್ ಇರುತ್ತವೆ. ಚಿಪ್ ಅಳಿಸಿಹೋದರೆ ಕೋಡ್ ಮಾತ್ರವಲ್ಲ, ಸೆಟ್ಟಿನ ಉಳಿದ ಸೆಟ್ಟಿಂಗ್‌ಗಳೂ ಹೋಗಿ ಅದು ಸತ್ತ ಡಬ್ಬಿ ಆಗಬಹುದು. ಮೊದಲು ಓದಿದ ಫೈಲನ್ನು ಮೇಲ್‌ನಲ್ಲಿ ನಿಮಗೇ ಕಳಿಸಿಕೊಂಡು ಜೋಪಾನ ಮಾಡಿ.

ಈ ಎಲ್ಲವೂ ನಿಮ್ಮದೇ ಸೆಟ್ಟಿಗೆ. ಗುಜರಿಯಿಂದ ಅಗ್ಗಕ್ಕೆ ತಂದ ಸೆಟ್ಟಾದರೆ ಬಿಲ್ ಕೇಳಿ. ಸೀರಿಯಲ್ ಕೆರೆದು ಅಳಿಸಿದ್ದರೆ ತರಲೇಬೇಡಿ. ಕಳವು ಮಾಲು ಅಂತ ತಿಳಿದೂ ಇಟ್ಟುಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ ಪ್ರಕಾರ ಅಪರಾಧ. ಹೊಸ ದೊಡ್ಡ ಪರದೆಯ ಸೆಟ್‌ಗಳಲ್ಲಿ, ಅದರಲ್ಲೂ ಆಡಿಯಂಥ ಕಾರುಗಳಲ್ಲಿ, ಸೆಟ್ ಮತ್ತು ಕಾರು ಒಂದನ್ನೊಂದು ಗುರುತಿಸುವ ಬೇರೆ ಏರ್ಪಾಡು ಇದೆ. ಅದನ್ನು ಕಂಪನಿಯ ಆನ್‌ಲೈನ್ ಸಂಪರ್ಕದಲ್ಲೇ ಬಿಡಿಸಬೇಕು.

ಕೋಡ್ ಹಾಕುವುದು

ಗಾಡಿ ನಿಲ್ಲಿಸಿ, ಕೀ ಆನ್ ಮಾಡಿ. ತಡೆಯ ಹೊತ್ತು ಇನ್ನೂ ನಡೆಯುತ್ತಿದ್ದರೆ ಸೆಟ್ ಆನ್ ಇಟ್ಟೇ ಕಾಯಿರಿ. ಆಫ್ ಮಾಡಿದರೆ ಹೊತ್ತು ಲೆಕ್ಕಕ್ಕೆ ಬರುವುದಿಲ್ಲ. ಸಾಮಾನ್ಯವಾಗಿ 1ನೇ ಬಟನ್ ಮೊದಲ ಅಂಕಿಗೆ, 2ನೆಯದು ಎರಡನೇ ಅಂಕಿಗೆ, ಹೀಗೆ. ಮೊದಲ ಅಂಕಿ 7 ಆದರೆ 1ನೇ ಬಟನ್ನನ್ನು 7 ಬರುವವರೆಗೆ ಒತ್ತುತ್ತಾ ಹೋಗಬೇಕು. ನಾಲ್ಕೂ ಸರಿ ಇದೆಯಾ ನೋಡಿ, ಆಮೇಲಷ್ಟೇ ಓಕೆ ಕೊಡಿ. ಆರು ಬಟನ್‌ನ ಹಳೆಯ ಹೋಂಡಾ ಸೆಟ್‌ಗಳಲ್ಲಿ ಅಂಕಿಯ ಬಟನ್ ನೇರವಾಗಿ ಒತ್ತುವುದು. ಅಲ್ಲಿ 1ರಿಂದ 6ರವರೆಗಿನ ಅಂಕಿ ಮಾತ್ರ ಇರಲು ಸಾಧ್ಯ. ಯಾರಾದರೂ 8, 9 ಇರುವ ಕೋಡ್ ಕೊಟ್ಟರೆ ಹಾಕುವ ಮೊದಲೇ ಅದು ತಪ್ಪು ಅಂತ ತಿಳಿಯಿರಿ. ನಡುವೆ ಕೈ ತಪ್ಪಿದರೆ ಹೋಂಡಾದಲ್ಲಿ ಮತ್ತೆ ಮೊದಲಿಂದ ಶುರು ಮಾಡಬೇಡಿ. ಉಳಿದ ಅಂಕಿಗಳನ್ನು ಮುಗಿಸಿ, ಆಮೇಲೆ ಹೊಸದಾಗಿ ಸರಿಯಾದ ಕೋಡ್ ಹಾಕಿ.

ಮುಂದಿನ ಬ್ಯಾಟರಿಗೆ

ಬ್ಯಾಟರಿ ಬದಲಿಸುವಾಗ ಸೆಟ್ಟಿಗೆ ಕರೆಂಟ್ ತಪ್ಪದಂತೆ ನೋಡಿಕೊಂಡರೆ ಕೋಡ್ ಕೇಳುವುದೇ ಇಲ್ಲ. ಒಬಿಡಿ ಸಾಕೆಟ್‌ಗೆ ಹಚ್ಚುವ ಮೆಮೊರಿ ಸೇವರ್ ಅಂತ ಸಣ್ಣ ವೈರ್ ಸಿಗುತ್ತದೆ. ಅದರ ಇನ್ನೊಂದು ತುದಿಯನ್ನು ಬೇರೆ 12 ವೋಲ್ಟ್ ಬ್ಯಾಟರಿಗೆ ಹಚ್ಚಬೇಕು. ಹೀಗೆ ಮಾಡುವಾಗ ಬಿಚ್ಚಿದ ಪಾಸಿಟಿವ್ ಟರ್ಮಿನಲ್‌ನಲ್ಲೂ ಕರೆಂಟ್ ಇರುತ್ತದೆ. ಅದು ಕಾರಿನ ಲೋಹದ ಮೈಗೆ ತಾಗಿದರೆ ಕಿಡಿ ಹಾರುತ್ತದೆ. ಒಂದು ರಬ್ಬರ್ ಕೈಗವಸು ಅಥವಾ ದಪ್ಪ ಒಣ ಬಟ್ಟೆಯಲ್ಲಿ ಅದನ್ನು ಸುತ್ತಿಡಿ ಅಂತ ಅಂಗಡಿಯವರಿಗೆ ಮೊದಲೇ ಹೇಳಿ.

ಸಿಕ್ಕ ಕೋಡನ್ನು ಕಾರಿನೊಳಗೆ ಇಡಬೇಡಿ, ಕದ್ದವನಿಗೆ ಕೊಟ್ಟ ಹಾಗಾಗುತ್ತದೆ. ಲೇಬಲ್‌ನ ಫೋಟೊ, ಸೀರಿಯಲ್, ಕೋಡ್ ಮೂರನ್ನೂ ಮನೆಯಲ್ಲಿರುವ ಆರ್‌ಸಿ ಜೆರಾಕ್ಸ್ ಜೊತೆ ಇಡಿ. ಗಾಡಿ ಮಾರುವ ದಿನ ಫಾರಂ 29, 30ಕ್ಕೆ ಸಹಿ ಹಾಕುವಾಗ ಆ ಚೀಟಿಯನ್ನೂ ಕೊಳ್ಳುವವರ ಕೈಗೆ ಕೊಡಿ.